ಗೋಡೆಯ ಮೇಲಿನ ಮೊಟ್ಟೆ

ಮೂರು ದಿನ ಬಿಡದೆ ಸುರಿದ ಮಳೆ ಇವತ್ತು ಬೆಳಿಗ್ಗೆ ಸ್ವಲ್ಪ ಹೊಳವಾದಾಗ, ಜಗಲಿಯ ಗೋಡೆಯಲ್ಲಿದ್ದ ಅನ್ಯಲೋಕದ ಪ್ರಾಣಿಯೊಂದರ ಭಯಾನಕ ಕಥೆಯಿರುವ 1979ರ ‘ಏಲಿಯನ್’ ಚಿತ್ರದ ಪೋಸ್ಟರನ್ನು ಇಳಿಸಿ ನೋಡಿದೆ. ಕೆಳಗಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಬೂಷ್ಟು ಕಂಡು ಎದೆ ಧಸಕ್ಕೆಂದಿತು.

ಚಿಕ್ಕಮಗಳೂರಿನ ಮಳೆಗಾಲದಲ್ಲಿ ಹೊರಗೋಡೆ ಬೆವರುತ್ತದೆ. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಕಾಗದ ಆ ತೇವವನ್ನು ಹೀರಿಕೊಳ್ಳುತ್ತದೆ. ಕಾಗದಕ್ಕೂ ಗಾಜಿಗೂ ನಡುವೆ ಒಂದಿಷ್ಟು ಅಂತರ ಬಿಡಿಸಬೇಕಿತ್ತು.

ಆ ಕಾಲದಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಪೋಸ್ಟರ್‌ಗಳನ್ನು ಮಡಚಿಯೇ ಕಳುಹಿಸುತ್ತಿದ್ದರು. 27 ಇಂಚು ಅಗಲ, 41 ಇಂಚು ಎತ್ತರದ ಈ ಹಾಳೆಯ ಮೇಲೂ ಆ ಮಡಿಕೆಯ ಗೆರೆಗಳಿವೆ; ಅವನ್ನು ಇಸ್ತ್ರಿ ಮಾಡಿಸು ಎಂದವರ ಮಾತನ್ನು ನಾನು ಒಪ್ಪಲಿಲ್ಲ.

ಕಪ್ಪು ಹಿನ್ನೆಲೆಯಲ್ಲಿ ಒಂದೇ ಒಂದು ಮೊಟ್ಟೆ, ಅದರ ಬಿರುಕಿನಿಂದ ಸೋರುವ ಹಸಿರು ಬೆಳಕು. ಚಿತ್ರದೊಳಗಿನ ಮೊಟ್ಟೆ ತೊಗಲಿನಂಥದ್ದು, ಮೇಲ್ತುದಿಯಲ್ಲಿ ಎಸಳುಗಳಂತೆ ಬಿಚ್ಚಿಕೊಳ್ಳುತ್ತದೆ. ಪೋಸ್ಟರಿನ ಮೊಟ್ಟೆ ಅದನ್ನು ಹೋಲುವುದೇ ಇಲ್ಲ. ಪ್ರಾಣಿಯನ್ನು ತೋರಿಸದೆಯೇ ಹೆದರಿಸುವ ಈ ಸಂಯಮಕ್ಕಾಗಿಯೇ ನನ್ನ ಸಂಗ್ರಹದಲ್ಲಿ ಇದು ಎಲ್ಲಕ್ಕಿಂತ ಮೇಲು.

ಒಣ ಕುಂಚದಿಂದ ಬೂಷ್ಟನ್ನು ಮೆಲ್ಲಗೆ ಸವರಿ ತೆಗೆದು, ಸಂಜೆ ಮತ್ತೆ ಮಳೆ ಹಿಡಿಯುವ ಮೊದಲು ಪೋಸ್ಟರನ್ನು ನಡುಮನೆಯ ಒಳಗೋಡೆಗೆ ಸಾಗಿಸಿದೆ.