ಜ್ವರಕ್ಕೆ ಅಧ್ಯಾಯ ಇಲ್ಲ

ಮಗಳ ಇತಿಹಾಸ ಪುಸ್ತಕ ಸುಮ್ನೆ ತಿರುವಿ ಹಾಕುತ್ತಿದ್ದೆ. ಮೊದಲ ಮಹಾಯುದ್ಧಕ್ಕೆ ಇಡೀ ಒಂದು ಅಧ್ಯಾಯ. ಕಾರಣಗಳು, ಒಪ್ಪಂದಗಳು, ಪರಿಣಾಮಗಳು. ಅದೇ ಯುದ್ಧದ ಕೊನೆಗೆ, 1918ರಲ್ಲಿ ಹಬ್ಬಿದ ಇನ್‌ಫ್ಲುಯೆಂಜಾಕ್ಕೆ ಒಂದು ಸಾಲೂ ಇಲ್ಲ. ಹೆಚ್ಚಿನ ಅಂದಾಜುಗಳ ಪ್ರಕಾರ ಯುದ್ಧಕ್ಕಿಂತ ಜಾಸ್ತಿ ಜನ ಸತ್ತಿದ್ದು ಅದರಲ್ಲೇ, ಕೋಟಿಗಟ್ಟಲೆ. ಆದರೆ ಜ್ವರಕ್ಕೆ ಸೇನಾಪತಿ ಇಲ್ಲ, ಒಪ್ಪಂದ ಇಲ್ಲ, ಗೆದ್ದವರೂ ಇಲ್ಲ. ಪರೀಕ್ಷೆಯಲ್ಲಿ ಏನಂತ ಕೇಳುತ್ತಾರೆ ಪಾಪ! ಆ ಸಾವುಗಳು ಮನೆಗಳಲ್ಲೇ ಉಳಿದುಬಿಟ್ಟವು. "ಮುತ್ತಜ್ಜಿ ಚಿಕ್ಕ ವಯಸ್ಸಿಗೇ ಹೋದರಂತೆ, ಏನೋ ಜ್ವರ" ಅನ್ನುವಷ್ಟು.

ಹಾಗಂತ ಮನೆಯವರ ನೆನಪೇ ನಿಜ, ಪುಸ್ತಕ ಸುಳ್ಳು ಅನ್ನುವವರ ಜೊತೆ ನಾನಿಲ್ಲ. ಇಟಲಿಯ ತೆರ್ನಿ ಊರಿನಲ್ಲಿ 1949ರಲ್ಲಿ ಲುಯಿಜಿ ತ್ರಾಸ್ತುಲ್ಲಿ ಎಂಬ ಉಕ್ಕಿನ ಕಾರ್ಖಾನೆಯ ಹುಡುಗ ನೇಟೋ ಮಿಲಿಟರಿ ಒಕ್ಕೂಟದ ವಿರುದ್ಧದ ಪ್ರತಿಭಟನೆಯಲ್ಲಿ ಪೊಲೀಸರಿಂದ ಸತ್ತ. ಎಷ್ಟೋ ವರ್ಷಗಳ ಮೇಲೆ ಇತಿಹಾಸಕಾರ ಅಲೆಸ್ಸಾಂಡ್ರೊ ಪೋರ್ತೆಲ್ಲಿ ಊರಿನವರನ್ನು ಮಾತಾಡಿಸಿದರು. ಹಲವರು ಅವನು ಸತ್ತಿದ್ದು 1953ರಲ್ಲಿ, ಕಾರ್ಖಾನೆಯವರು ಸಾವಿರಾರು ಜನರನ್ನು ಕೆಲಸದಿಂದ ತೆಗೆದಾಗ ಅಂದರು. ಇಸವಿ ತಪ್ಪು, ಕಾರಣವೂ ತಪ್ಪು. ಆದರೆ ಪೋರ್ತೆಲ್ಲಿ ಅದನ್ನು ತಳ್ಳಿಹಾಕಲಿಲ್ಲ. ಆ ಊರಿಗೆ ಯಾವ ಗಾಯ ದೊಡ್ಡದು ಅನ್ನುವುದನ್ನು ಆ ತಪ್ಪಿನಲ್ಲೇ ಓದಿದರು. ಶಾಲೆಯಲ್ಲಾಗಿದ್ದರೆ ಕೆಂಪು ಪೆನ್ನಿನ ಗೀಟು, ಸೊನ್ನೆ ಅಂಕ.

ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ ಅಂತ ಮಕ್ಕಳಿಗೆ ಹೇಳಬಹುದಲ್ವಾ? ಅದನ್ನು ಪುಸ್ತಕದ ಪಕ್ಕ ಇಟ್ಟು, ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿಂದಲೇ ಪಾಠ ಶುರು ಮಾಡಬಹುದು.