ಐಟಿ ರಿಟರ್ನ್ಸ್‌ನಲ್ಲಿ ಕಾಣದ ಸಿರಿತನ

ಬೆಂಗಳೂರಿನ ಆಡಿಟರ್ ಕಚೇರಿಯೊಂದರಲ್ಲಿ ಆದಾಯ ತೆರಿಗೆ ರಿಟರ್ನ್ಸ್ ಸಿದ್ಧಪಡಿಸುವುದು ನನ್ನ ಕೆಲಸ. ಆರ್ಟಿಕಲ್‌ಶಿಪ್‌ಗೆ, ಅಂದರೆ ಸಿಎ ಓದಿನ ತರಬೇತಿಗೆ, ಸೇರುವ ಹುಡುಗರು ಮೊದಲ ಜುಲೈನಲ್ಲಿ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ‘ಮೇಡಂ, ಇವರಿಗೆ ಇಷ್ಟೇ ಆದಾಯವೇ?’ ದೇವನಹಳ್ಳಿ ಕಡೆ ಜಮೀನು, ಮಲ್ಲೇಶ್ವರದಲ್ಲಿ ಮನೆಗಳು ಇರುವವರ ಫೈಲು ಕೈಗೆ ಬಂದಾಗ ಈ ಅನುಮಾನ ಏಳುತ್ತದೆ. ಎಷ್ಟೋ ಸಲ ಅವರ ಆದಾಯ ಅವರದೇ ಬಾಡಿಗೆದಾರ ಎಂಜಿನಿಯರ್‌ನ ಸಂಬಳಕ್ಕಿಂತ ಕಡಿಮೆ ಇರುತ್ತದೆ. ಕಳ್ಳಲೆಕ್ಕವೇನಲ್ಲ. ಕಾನೂನು ಕೇಳುವುದು ಆ ವರ್ಷ ಬಂದದ್ದನ್ನು, ಗಂಟಿನಲ್ಲಿ ಇರುವುದನ್ನಲ್ಲ.

ಮೇಲೆ ಹೋದಷ್ಟೂ ಈ ಅಂತರ ಹಿಗ್ಗುತ್ತದೆ. ಮುಕೇಶ್ ಅಂಬಾನಿ 2020–21ರಿಂದ ರಿಲಯನ್ಸ್‌ನಲ್ಲಿ ಸಂಬಳವನ್ನೇ ತೆಗೆದುಕೊಂಡಿಲ್ಲ. ಅವರ ಸಂಪತ್ತು ಇರುವುದು ಷೇರಿನ ಬೆಲೆಯಲ್ಲಿ. ಲಾಭಾಂಶಕ್ಕೆ ತೆರಿಗೆಯಿದೆ, ನಿಜ; ಆದರೆ ಮಾರುವವರೆಗೆ ಬೆಲೆ ಎಷ್ಟೇ ಏರಿದರೂ ಅದು ಆದಾಯವಲ್ಲ. ಲಿಸ್ಟ್ ಆದ ಷೇರನ್ನು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ ಲಾಭಕ್ಕೆ ಶೇ 12.5, ತೆರಿಗೆಯ ಮೇಲೆ ಬೀಳುವ ಸರ್ಚಾರ್ಜ್, ಸೆಸ್ ಎಲ್ಲ ಸೇರಿ ನೂರಾರು ಕೋಟಿ ಲಾಭಕ್ಕೂ ಶೇ 15 ದಾಟುವುದಿಲ್ಲ. ಸಂಬಳದಾರನಿಗೆ ಹೊಸ ತೆರಿಗೆ ಪದ್ಧತಿಯಲ್ಲೂ 24 ಲಕ್ಷದ ಆಚೆಗಿನ ಪ್ರತಿ ನೂರು ರೂಪಾಯಿಗೆ ಸೆಸ್ ಸೇರಿ 31 ರೂಪಾಯಿ 20 ಪೈಸೆ. ಕಂಪನಿ ತನ್ನ ಲಾಭಕ್ಕೆ ಮೊದಲೇ ತೆರಿಗೆ ಕಟ್ಟಿರುತ್ತದೆ ಎಂಬ ವಾದದಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಸಂಬಳದ ತೆರಿಗೆ ಕಡಿತದ ಪ್ರಮಾಣಪತ್ರವಾದ ಫಾರ್ಮ್ 16 ಹಿಡಿದು ಬರುವವನ ದುಡ್ಡು ಖಾತೆಗೆ ಬೀಳುವ ಮೊದಲೇ ಟಿಡಿಎಸ್ ಹೆಸರಲ್ಲಿ ತೆರಿಗೆ ಕಡಿತವಾಗಿರುತ್ತದೆ. ಯಾವ ವರ್ಷ ತೆರಿಗೆ ಕಟ್ಟಬೇಕೆಂದು ಆರಿಸಿಕೊಳ್ಳುವ ಸೌಕರ್ಯ ಅವನಿಗಿಲ್ಲ.

ತಲೆಮಾರು ದಾಟುವಾಗಲೂ ಹೀಗೆಯೇ. ಇನ್ಫೋಸಿಸ್‌ನ ನಾರಾಯಣಮೂರ್ತಿಯವರು 2024ರ ಮಾರ್ಚ್‌ನಲ್ಲಿ ನಾಲ್ಕು ತಿಂಗಳ ಮೊಮ್ಮಗನಿಗೆ 15 ಲಕ್ಷ ಷೇರು ಕೊಟ್ಟರು. ಆಗಿನ ಬೆಲೆಯಲ್ಲಿ ಸುಮಾರು 240 ಕೋಟಿ ರೂಪಾಯಿ. ಹತ್ತಿರದ ಸಂಬಂಧಿಕರು ಕೊಟ್ಟ ಉಡುಗೊರೆಗೆ ತೆರಿಗೆಯಿಲ್ಲ. ನಮ್ಮ ಕ್ಲೈಂಟ್ ಒಬ್ಬರು ಮಗಳಿಗೆ ಕೊಡುವ ಐದು ಲಕ್ಷಕ್ಕೂ ಅದೇ ನಿಯಮ. ಸತ್ತವರ ಆಸ್ತಿಯ ಮೇಲಿನ ಎಸ್ಟೇಟ್ ಸುಂಕ 1985ರಲ್ಲೇ ಹೋಯಿತು.

ಸಂಪತ್ತು ತೆರಿಗೆಯೂ 2015ರ ಬಜೆಟ್‌ನಲ್ಲಿ ರದ್ದಾಯಿತು. ಅದಕ್ಕಾಗಿ ನಾನು ಅಳುವುದಿಲ್ಲ. 1993ರಿಂದ ಷೇರುಗಳನ್ನು ಅದರಿಂದ ಹೊರಗಿಟ್ಟಿದ್ದರು. ಅಜ್ಜಿಯ ಕಾಸಿನ ಸರ ಲೆಕ್ಕಕ್ಕೆ ಬರುತ್ತಿತ್ತು, ಕಾರು ಬರುತ್ತಿತ್ತು. ಸಾವಿರ ಕೋಟಿಯ ಷೇರು ಬರುತ್ತಿರಲಿಲ್ಲ. 2013–14ರಲ್ಲಿ ಇಡೀ ದೇಶದಿಂದ ವಸೂಲಾದದ್ದು 1,008 ಕೋಟಿ ರೂಪಾಯಿ. ಅದಕ್ಕೆಂದು ಒಡವೆ ತೂಗಿಸಿ, ಮೌಲ್ಯಮಾಪಕರ ವರದಿ ತರಿಸಿ ಪಟ್ಟ ಪಾಡು ಬೇರೆ. ಅದರ ಬದಲಿಗೆ ಬಂದದ್ದು ಆದಾಯ ಒಂದು ಕೋಟಿ ಮೀರಿದವರಿಗೆ ಶೇ 2ರ ಹೆಚ್ಚುವರಿ ಸರ್ಚಾರ್ಜ್. ಅದೂ ಆದಾಯದ ಮೇಲೆಯೇ!

ಹಾಗಾಗಿ ದೇಶದ ಸಿರಿತನದ ಲೆಕ್ಕ ತೆರಿಗೆ ಇಲಾಖೆಯ ಕಡತಗಳಲ್ಲಿ ಇಲ್ಲ. 2022–23ರಲ್ಲಿ ಭಾರತದ ಮೇಲಿನ ಶೇ 1ರಷ್ಟು ಜನರ ಬಳಿ ಆದಾಯದ ಶೇ 22.6, ಸಂಪತ್ತಿನ ಶೇ 40.1 ಭಾಗ ಇತ್ತೆಂದು ಅಸಮಾನತೆಯ ಅಧ್ಯಯನ ನಡೆಸುವ ವರ್ಲ್ಡ್ ಇನೀಕ್ವಾಲಿಟಿ ಲ್ಯಾಬ್‌ನ ಅರ್ಥಶಾಸ್ತ್ರಜ್ಞರು 2024ರಲ್ಲಿ ಅಂದಾಜಿಸಿದರು. ತುತ್ತತುದಿಯವರ ಆಸ್ತಿ ತಿಳಿಯಲು ಅವರು ಮೊರೆಹೋದದ್ದು ಫೋರ್ಬ್ಸ್ ಪತ್ರಿಕೆಯ ಪಟ್ಟಿಗೆ. ಈ ಅಂಕಿಗಳನ್ನು ಅಲ್ಲಗಳೆಯುವವರೂ ಇದ್ದಾರೆ. ಅಲ್ಲಗಳೆಯಲು ಅವರ ಬಳಿಯೂ ಬೇರೆ ದಾಖಲೆಯಿಲ್ಲ ಎಂಬುದು ತಮಾಷೆ.

ರಿಟರ್ನ್ಸ್‌ನಲ್ಲಿ ಆಸ್ತಿಯನ್ನು ಕೇಳುವ ಜಾಗವೊಂದಿದೆ: ಶೆಡ್ಯೂಲ್ ಎಎಲ್. ಹುಡುಗರಿಗೆ ಅದನ್ನೇ ತೆರೆದು ತೋರಿಸುತ್ತೇನೆ. ಅಲ್ಲಿ ಬರೆಯಬೇಕಾದದ್ದು ಕೊಂಡ ಬೆಲೆ. ಅಪ್ಪನಿಂದ ಬಂದದ್ದಾದರೆ ಅಪ್ಪ ಕೊಂಡ ಬೆಲೆ. ಎಂಬತ್ತರ ದಶಕದಲ್ಲಿ ಕೊಂಡ ಜಯನಗರದ ಸೈಟು ಅಲ್ಲಿ ಇಂದಿಗೂ ಸಾವಿರಗಳಲ್ಲೇ ಇದೆ. ಅದೂ 50 ಲಕ್ಷ ಮೀರಿದ ಆದಾಯವಿದ್ದವರು ತುಂಬಬೇಕಿತ್ತು. 2025–26ರ ತೆರಿಗೆ ನಿರ್ಧಾರಣಾ ವರ್ಷದಿಂದ ಮಿತಿಯನ್ನು ಒಂದು ಕೋಟಿಗೆ ಏರಿಸಿದರು. ನಮಗೆ ಕೆಲಸ ಕಡಿಮೆಯಾಯಿತು, ಕ್ಲೈಂಟ್‌ಗಳೂ ನಿಟ್ಟುಸಿರುಬಿಟ್ಟರು. ನನ್ನನ್ನು ಕೇಳಿದರೆ ಸಂಪತ್ತು ತೆರಿಗೆ ಬೇಕೋ ಬೇಡವೋ ಎಂಬ ಜಗಳವನ್ನು ಆಮೇಲೆ ಆಡಬಹುದು. ಮೊದಲು ಅಲ್ಲಿ ಇನ್ನೊಂದು ಕಾಲಂ ಸೇರಿಸಿ ಇಂದಿನ ಬೆಲೆ ಕೇಳಲಿ. ಸೈಟಿಗೆ ಸರ್ಕಾರ ನಿಗದಿ ಮಾಡುವ ಮಾರ್ಗಸೂಚಿ ದರವಿದೆ, ಲಿಸ್ಟ್ ಆದ ಷೇರಿಗೆ ಮಾರ್ಚ್ 31ರ ದರವಿದೆ. ತುಂಬಲು ಹತ್ತು ನಿಮಿಷ ಹೆಚ್ಚು ಹಿಡಿಯಬಹುದು.