ಸಾರುವ ಮುನ್ನ ಪ್ರಾರ್ಥನೆ

ಕ್ರೈಸ್ತ ಧರ್ಮಪ್ರಚಾರದ ಸಂಸ್ಥೆಯಾದ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬೆಳಗಾವಿಗೆ ಬಂದದ್ದು 1820ರಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮುಂದೆ ನೇಕಾರರ ಊರಾದ ಗುಳೇದಗುಡ್ಡದವರೆಗೂ ತಲುಪಿದರು. ಈ ಚರಿತ್ರೆಯನ್ನು ಹೇಳುವಾಗ ನಾವು ಶಾಲೆ, ಮುದ್ರಣಾಲಯಗಳನ್ನು ನೆನೆಯುತ್ತೇವೆ, ಅವರ ಪ್ರಾರ್ಥನೆಯನ್ನು ಅಷ್ಟಾಗಿ ನೆನೆಯುವುದಿಲ್ಲ.

ಆದರೆ ಬೈಬಲ್ ಹೇಳುವಂತೆ, ಪೆಂತೆಕೊಸ್ತಿಗೆ, ಅಂದರೆ ಪವಿತ್ರಾತ್ಮನು ಇಳಿದುಬಂದ ದಿನಕ್ಕೆ ಮುನ್ನ ಯೆರೂಸಲೇಮಿನಲ್ಲಿ ಸೇರಿದ್ದ ಯೇಸುವಿನ ಶಿಷ್ಯರು ಸುಮಾರು 120 ಮಂದಿ, ಯೇಸುವಿನ ಸುವಾರ್ತೆ ಸಾರಲು ಹೊರಡುವ ಮೊದಲು ಒಂದೇ ಮನಸ್ಸಿನಿಂದ ಪ್ರಾರ್ಥನೆಯಲ್ಲಿ ನಿರತರಾಗಿದ್ದರು. ಅನಂತರ ಬೆಳೆದ ಕ್ರೈಸ್ತ ಸಭೆಯವರು ಮನೆಮನೆಯಲ್ಲಿ ರೊಟ್ಟಿ ಮುರಿದು, ಆಸ್ತಿ ಮಾರಿ ಕೊರತೆಯಿದ್ದವರಿಗೆ ಹಂಚಿ, ಊರಿನ ಜನರ ಮೆಚ್ಚುಗೆಗೂ ಪಾತ್ರರಾದರು.

ಬೆಳಗಾವಿಯ ಕ್ಯಾಂಪ್ ಪ್ರದೇಶದ ನಮ್ಮ ಸಭೆಯಲ್ಲಿ ಬುಧವಾರದ ಪ್ರಾರ್ಥನಾ ಕೂಟಕ್ಕೆ ಬರುವವರು ಬಹುತೇಕ ವಯಸ್ಸಾದ ತಾಯಂದಿರು. ಈ ತಾಯಂದಿರು ನೆರೆಮನೆಯ ರೋಗಿಗಳ ಹೆಸರು ಹಿಡಿದು, ರೋಗಿ ಯಾವ ಧರ್ಮದವರೆಂದು ನೋಡದೆ ಪ್ರಾರ್ಥಿಸುತ್ತಾರೆ, ಮರುದಿನ ಅದೇ ಮನೆಗೆ ರೊಟ್ಟಿ ಪಲ್ಯದ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಆ ಮನೆಯವರು ಇಷ್ಟೆಲ್ಲ ಏಕೆ ಮಾಡುತ್ತೀರವ್ವಾ ಎಂದು ತಾವಾಗಿಯೇ ಕೇಳಿದಾಗ ಯೇಸುವಿನ ಮಾತು ಸಹಜವಾಗಿ ಬರುತ್ತದೆ. ಕರಪತ್ರ ಹಂಚುವುದನ್ನು ನಾನು ಬೇಡವೆನ್ನುವುದಿಲ್ಲ, ಆದರೆ ಹಂಚುವ ಸಭೆಯಲ್ಲಿ ಇಂತಹ ಬದುಕು ಇಲ್ಲದಿದ್ದರೆ ಓದಿದವರು ನಂಬುವುದು ಕಷ್ಟ. ಮುಂದಿನ ಬುಧವಾರದ ಕೂಟಕ್ಕೆ ಯುವಕರನ್ನೂ ಕರೆಯಿರೆಂದು ಸಭಾಪಾಲಕರನ್ನು ಕೇಳಿಕೊಂಡಿದ್ದೇನೆ. ಸಂಜೆ ಏಳು ಗಂಟೆಗೆ ಆರಂಭ.